ಅಪ್ಪನ ಕಿವಿಗೆ ನನ್ನ ಇಯರ್‌ಫೋನ್

ನಾನು ಸಿರುಗುಪ್ಪದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಮನೆ ಬಳ್ಳಾರಿಯ ಪಾರ್ವತಿನಗರದಲ್ಲಿ. ಬೆಳಿಗ್ಗೆ ಒಂದೂವರೆ ತಾಸು, ಸಂಜೆ ಒಂದೂವರೆ ತಾಸು ಬಸ್ಸಿನಲ್ಲೇ ಕಳೆಯುತ್ತದೆ. ಹನ್ನೊಂದು ವರ್ಷದಿಂದ ಇದೇ ನಡೆದಿದೆ. ಪಾಪ, ಎಷ್ಟು ಓಡಾಟ ಎಂದು ಮರುಗುವವರಿದ್ದಾರೆ. ನಾನು ಅವರಿಗೆ ನಿಜ ಹೇಳುವುದಿಲ್ಲ. ಇಡೀ ದಿನದಲ್ಲಿ "ಟೀಚರ್" ಎಂದಾಗಲಿ, "ಅವ್ವಾ" ಎಂದಾಗಲಿ, "ಲೇ, ನನ್ನ ಕನ್ನಡಕ ಎಲ್ಲೈತಿ" ಎಂದಾಗಲಿ ಯಾರೂ ಕರೆಯದ ಹೊತ್ತು ಅದೊಂದೇ. ಕಿಟಕಿ ಪಕ್ಕದ ಸೀಟು ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಸಿರುಗುಪ್ಪ ಬರುವ ತನಕ ನಾನು ಯಾರ ಕೈಗೂ ಸಿಗುವವಳಲ್ಲ.

ಆ ಇಯರ್‌ಫೋನು ಫೋನಿನ ಜೊತೆ ಪುಕ್ಕಟೆ ಬಂದದ್ದು. ಒಂದು ಸೋಮವಾರ ಅದರ ಎಡಗಡೆಯದು ಮಾತು ನಿಲ್ಲಿಸಿತು. ವೈರನ್ನು ಒಂದು ಕಡೆ ಬಗ್ಗಿಸಿ ಹಿಡಿದರೆ ಮಾತಾಡುತ್ತಿತ್ತು, ಬಿಟ್ಟರೆ ಇಲ್ಲ. ಹಿಡಿದುಕೊಂಡೇ ಹದಿನೈದು ದಿನ ಓಡಾಡಿದೆ. ಹೆಬ್ಬೆರಳು ನೋಯತೊಡಗಿದ ಮೇಲೆ ಬೆಂಗಳೂರು ರೋಡಿನ ಒಂದು ಅಂಗಡಿಗೆ ಹೋದೆ.

ಅಂಗಡಿಯವರ ಬಳಿ ಇಯರ್‌ಫೋನುಗಳು ನಲವತ್ತು ಥರ ಇದ್ದವು, ಹಚ್ಚಿ ತೋರಿಸುವ ಹಾಡು ಮಾತ್ರ ಒಂದೇ. ಅದರಲ್ಲಿ ಹಾಡಿಗಿಂತ ಬಡಿತವೇ ಹೆಚ್ಚು. "ಬಾಸ್ ನೋಡ್ರಿ ಮೇಡಂ, ಸೀದಾ ಎದೀಗೆ ಬಂದು ಬಡೀತೈತಿ" ಎಂದರು. ನನಗೆ ಎದೆಯ ತನಕ ಬೇಡ, ಕಿವಿಯ ತನಕ ಬಂದರೆ ಸಾಕು ಎಂದೆ. ಅವರಿಗೆ ಬೇಸರವಾಯಿತು. ಇಂಥ ಗಿರಾಕಿಗೆ ಏನು ತೋರಿಸಬೇಕೆಂದು ತಿಳಿಯದೆ ಬಣ್ಣಗಳನ್ನು ತೋರಿಸತೊಡಗಿದರು. ಬರಿಗೈಯಲ್ಲಿ ಹೊರಬಂದೆ. ಮರುದಿನ ತಡೆಯಲಾರದೆ ಬಸ್‌ಸ್ಟ್ಯಾಂಡಿನಲ್ಲಿ ಹಗ್ಗಕ್ಕೆ ಜೋತುಬಿಟ್ಟಿದ್ದ ಒಂದು ಜೋಡಿ ಕೆಂಪು ಇಯರ್‌ಫೋನ್ ಕೊಂಡೆ. ಅದರಲ್ಲಿ ಯಾರೇ ಹಾಡಲಿ, ನೀರಿನ ಟ್ಯಾಂಕಿನೊಳಗೆ ಕೂತು ಹಾಡಿದಂತೆ ಕೇಳುತ್ತಿತ್ತು.

ಸ್ಟಾಫ್‌ರೂಮಿನಲ್ಲಿ ನಾನು ಅದನ್ನು ಕಿವಿಯಿಂದ ತೆಗೆದು ಮೇಜಿನ ಮೇಲೆ ಬಿಸಾಕಿದ್ದನ್ನು ನಮ್ಮ ಗಣಿತದ ಮಾಸ್ತರು ನೋಡಿದರು. ಐವತ್ತರ ಆಸುಪಾಸಿನ, ಸಂಕೋಚದ ಮನುಷ್ಯ. ಕ್ಲಾಸಿನೊಳಗೆ ಬಿಟ್ಟರೆ ಅವರು ಮಾತಾಡಿದ್ದನ್ನು ಕೇಳಿದವರು ಕಡಿಮೆ. ಅವತ್ತು ಎದ್ದು ಬಂದು, ನನ್ನ ಕೆಂಪು ಇಯರ್‌ಫೋನನ್ನು ಸತ್ತ ಹಲ್ಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ನೋಡಿ, ಕೆಳಗಿಟ್ಟು, ತಮ್ಮ ಚೀಲದಿಂದ ಊಟದ ಡಬ್ಬಿ ತೆಗೆದರು. ಊಟಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡೆ. ಮುಚ್ಚಳ ತೆಗೆದರೆ ಒಳಗೆ ಹತ್ತಿಯ ಮೇಲೆ ಸಾಲಾಗಿ ಮಲಗಿಸಿದ್ದ ಆರು ಜೋಡಿ ಇಯರ್‌ಫೋನುಗಳು.

"ಕೇಳ್ರಿ ಮೇಡಂ" ಎಂದರು. ಆಮೇಲೆ ನಲವತ್ತು ನಿಮಿಷ ಅವರೇ ಮಾತಾಡಿದರು.

ವೈರ್ ಇಲ್ಲದ ಇಯರ್‌ಫೋನುಗಳನ್ನು ಅವರು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಅವು ಹಾಡನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತವೆ, ಆಮೇಲೆ ಉಬ್ಬಿಸುತ್ತವೆ. ಹಿಂಡಿದ ಬಟ್ಟೆ ಒಣಗಿದ ಮೇಲೂ ಸುಕ್ಕು ಉಳಿಯುವುದಿಲ್ಲವೇ ಎಂದು ಕೇಳಿದರು. ವೈರಿನದೇ ಆಗಬೇಕು. ಆದರೆ ಒಳ್ಳೆಯ ಇಯರ್‌ಫೋನನ್ನು ಎಳೆಯುವ ಶಕ್ತಿ ಫೋನಿಗಿರುವುದಿಲ್ಲ, ಆದ್ದರಿಂದ ನಡುವೆ ಒಂದು ಆಂಪ್ ಬೇಕು. ಹಾಗೆಂದು ಸಾಬೂನಿನಷ್ಟು ದಪ್ಪದ ಕಪ್ಪು ಪೆಟ್ಟಿಗೆಯೊಂದನ್ನು ತೋರಿಸಿದರು. ಅದನ್ನು ಎರಡು ರಬ್ಬರ್‌ಬ್ಯಾಂಡ್ ಹಾಕಿ ಫೋನಿನ ಬೆನ್ನಿಗೆ ಕಟ್ಟಿದ್ದರು. ಇದ್ದ ಸದ್ದನ್ನು ಹಿಗ್ಗಿಸಿ, ಬಲ ಕೊಟ್ಟು ಕಿವಿಗೆ ಕಳಿಸುವುದು ಅದರ ಕೆಲಸವಂತೆ.

ಅವತ್ತಿನಿಂದ ನನ್ನ ಓದು ಶುರುವಾಯಿತು. ಇಯರ್‌ಫೋನ್ ಕೊಳ್ಳುವವರಿಗೆ ಬುದ್ಧಿ ಹೇಳುವ ವಿಡಿಯೋಗಳು ಎಷ್ಟಿವೆಯೆಂದರೆ ಅಷ್ಟನ್ನೂ ನೋಡಿ ಮುಗಿಸುವ ಹೊತ್ತಿಗೆ ಕಿವಿಯೇ ಕೆಟ್ಟಿರುತ್ತದೆ. ಒಬ್ಬ ಇದರ ಧ್ವನಿ ಬೆಚ್ಚಗಿದೆ ಎನ್ನುತ್ತಾನೆ, ಇನ್ನೊಬ್ಬ ಅದನ್ನೇ ಒಣಕಲು ಎನ್ನುತ್ತಾನೆ, ಮತ್ತೊಬ್ಬ ತುದಿಯಲ್ಲಿ ಸ್ವಲ್ಪ ಖಾರ ಎನ್ನುತ್ತಾನೆ. ರೊಟ್ಟಿ ಪಲ್ಯದ ಬಗ್ಗೆ ಮಾತಾಡುತ್ತಿದ್ದಾರೋ ಇಯರ್‌ಫೋನಿನ ಬಗ್ಗೆಯೋ ಎಂದು ನಡುನಡುವೆ ಶೀರ್ಷಿಕೆ ನೋಡಿಕೊಳ್ಳಬೇಕಾಗುತ್ತಿತ್ತು. ಕಿವಿಯೊಳಗೆ ಕೂರುವ ರಬ್ಬರಿನ ಟೋಪಿಗಳಲ್ಲೂ ಅಳತೆಗಳಿದ್ದವು. ನನ್ನ ಎಡಗಿವಿ ದೊಡ್ಡದು, ಬಲಗಿವಿ ಸಣ್ಣದು ಎಂದು ನನಗೆ ನಲವತ್ತಾರನೇ ವಯಸ್ಸಿನಲ್ಲಿ ಗೊತ್ತಾಯಿತು. ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಗಂಡ ಪೇಪರಿನಿಂದ ತಲೆಯೆತ್ತದೆ, ಇಷ್ಟು ವರ್ಷ ತಾವು ಬಲಗಡೆಯೇ ಕೂತು ಮಾತಾಡುತ್ತಿದ್ದದ್ದು ತಪ್ಪಾಯಿತು ಎಂದರು.

ಮಾಸ್ತರು ಆಂಪ್ ಮತ್ತು ಒಂದು ಜೋಡಿ ಇಯರ್‌ಫೋನನ್ನು ಒಂದು ವಾರದ ಮಟ್ಟಿಗೆ ಕೊಟ್ಟರು. ಅದನ್ನು ಕಟ್ಟಿಕೊಂಡು ಬಸ್ಸು ಹತ್ತಿದ ಮೊದಲ ಬೆಳಿಗ್ಗೆಯೇ ಯಡವಟ್ಟಾಯಿತು. ಆ ಇಯರ್‌ಫೋನಿಗೆ ಸ್ಪಂಜಿನ ಟೋಪಿ. ಹಿಚುಕಿ ಕಿವಿಗೆ ತುರುಕಿದರೆ ಒಳಗೆ ಉಬ್ಬಿ ಹೊರಗಿನ ಸದ್ದನ್ನು ಪೂರ್ತಿ ತಡೆಯುತ್ತದೆ. ತೆಕ್ಕಲಕೋಟೆಯಲ್ಲಿ ಹತ್ತಿದ ಒಬ್ಬ ಅಜ್ಜಿ ನನ್ನ ಪಕ್ಕ ಕೂತು, ತೊಡೆಯ ಮೇಲಿದ್ದ ಪೆಟ್ಟಿಗೆಯನ್ನೂ ಅದರಿಂದ ಎದೆಯ ಮೇಲೆ ಹಾದು ಬಂದಿದ್ದ ವೈರುಗಳನ್ನೂ ನೋಡಿ ಏನೋ ಕೇಳಿದಳು. ಕೇಳಿಸದಿದ್ದರೂ ನಕ್ಕು ತಲೆಯಾಡಿಸಿದೆ. ಮತ್ತೊಂದು ಕೇಳಿದಳು. ಅದಕ್ಕೂ ತಲೆಯಾಡಿಸಿದೆ. ಅಜ್ಜಿ ನನ್ನ ಕೈ ಹಿಡಿದುಕೊಂಡಳು. ಹಿಂದಿನ ಸೀಟಿನವರು ಎದ್ದು ನಿಂತು ನೋಡತೊಡಗಿದಾಗ ಗಾಬರಿಯಾಗಿ ಇಯರ್‌ಫೋನ್ ತೆಗೆದೆ.

ಕಂಡಕ್ಟರು ಮುಂದೆ ನೋಡಿ ಕೂಗುತ್ತಿದ್ದರು. "ತಗ್ಗಿನ್ಯಾಗ ಸಾವಕಾಶ ಬಿಡ್ರಿ. ಎದಿ ಪೇಷಂಟ್ ಅದಾರ, ಮಷಿನ್ ಹಚ್ಚ್ಯಾರ."

ಅಜ್ಜಿ ಕೇಳಿದ್ದು ಎದೆಯ ಮಷಿನ್ನೇನವ್ವಾ ಎಂದು. ಎರಡನೆಯದು, ಡಾಕ್ಟರು ಆಸೆ ಬಿಟ್ಟಿದ್ದಾರಾ ಎಂದು. ಎರಡಕ್ಕೂ ನಾನು ನಗುನಗುತ್ತ ಹೌದೆಂದಿದ್ದೆ. ನನ್ನ ಧೈರ್ಯ ಕಂಡು ಇಡೀ ಬಸ್ಸು ಕರಗಿಹೋಗಿತ್ತು. ಈಗ ಇದು ಹಾಡು ಕೇಳುವ ಪೆಟ್ಟಿಗೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸಿರುಗುಪ್ಪದಲ್ಲಿ ಎದೆಯ ಮೇಲೆ ಕೈಯಿಟ್ಟುಕೊಂಡು ನಿಧಾನಕ್ಕೆ ಇಳಿದೆ. ಆ ವಾರವೆಲ್ಲ ಬಸ್ಸಿನಲ್ಲಿ ನನಗೆ ಕೇಳುವ ಮೊದಲೇ ಸೀಟು ಸಿಕ್ಕಿತು.

ವಾರ ಮುಗಿದ ಮೇಲೆ ಮಾಸ್ತರು ಪರೀಕ್ಷೆ ಇಟ್ಟರು. ನಾನು ಕಣ್ಣು ಮುಚ್ಚಿಕೊಳ್ಳಬೇಕು, ಅವರು ಅದೇ ಹಾಡನ್ನು ಒಮ್ಮೆ ಆಂಪ್ ಇಟ್ಟು, ಒಮ್ಮೆ ಬಿಟ್ಟು ಕೇಳಿಸುತ್ತಾರೆ, ಯಾವಾಗ ಆಂಪ್ ಇತ್ತು ಎಂದು ನಾನು ಹೇಳಬೇಕು. ಹತ್ತು ಸಲ ಆಯಿತು. ಒಂಬತ್ತು ಸಲ ನಾನು ಆಂಪ್ ಇಲ್ಲದ್ದನ್ನೇ ಇದೆ ಎಂದಿದ್ದೆ. ನಾಚಿಕೆಯಾಗಿ, ನನ್ನ ಕಿವಿ ಇದಕ್ಕೆ ತಕ್ಕದ್ದಲ್ಲ ಬಿಡಿ ಸರ್ ಎಂದೆ. ಅವರು ಕಾಗದ ನೋಡುತ್ತ ಬಹಳ ಖುಷಿಯಾಗಿದ್ದರು.

"ಹಂಗಲ್ರಿ. ನಿಮಗ ವ್ಯತ್ಯಾಸ ತಿಳೀತೈತಿ ಅನ್ನೋದು ಸಿದ್ಧ ಆತು. ಚಿಹ್ನಿ ಒಂದು ಉಲ್ಟಾ ಆಗೈತಿ ಅಷ್ಟ."

ಆಮೇಲೆ ಒಂದು ಮಾತು ಹೇಳಿದರು. ಗೊತ್ತಿಲ್ಲದ ಹಾಡು ಹಚ್ಚಿ ಇಯರ್‌ಫೋನ್ ಆರಿಸುವುದು ಮುಖ ನೋಡದವರ ಫೋಟೋ ಚೆನ್ನಾಗಿ ಬಂದಿದೆಯೇ ಎಂದು ಹೇಳಿದಂತೆ. ನನಗೆ ಬಾಯಿಪಾಠವಾಗಿರುವ ಧ್ವನಿ ಯಾವುದೋ ಅದನ್ನು ಹಚ್ಚಿ ನೋಡಬೇಕು. ಅಂಥದ್ದು ಯಾವುದಿದೆ ಎಂದು ಕೇಳಿದರು.

ನನಗೆ ಬಾಯಿಪಾಠವಿದ್ದದ್ದು ಒಂದೇ, ಅಪ್ಪನ ಪೇಟಿ.

ನನ್ನ ತವರು ಕುರುಗೋಡು. ಅಪ್ಪ ಅಲ್ಲಿ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಾಗಿದ್ದವರು, ಬಯಲಾಟದ ಮೇಳಗಳಿಗೆ ಹಾರ್ಮೋನಿಯಂ ಬಾರಿಸುತ್ತಿದ್ದವರು. ನಮ್ಮ ಕಡೆ ಹಾರ್ಮೋನಿಯಂ ಎಂದರೆ ಪೇಟಿ, ಹಾಗಾಗಿ ಊರಿಗೆಲ್ಲ ಪೇಟಿ ಮಾಸ್ತರು. ಈಗ ಎಪ್ಪತ್ತೊಂಬತ್ತು. ಅಣ್ಣ, ಅತ್ತಿಗೆ, ಅವರ ಮಕ್ಕಳ ಜೊತೆ ತುಂಬಿದ ಮನೆಯಲ್ಲಿದ್ದಾರೆ, ಆ ಮನೆಯಲ್ಲಿ ಎಲ್ಲರ ಉಚ್ಚಾರವನ್ನೂ ತಿದ್ದುತ್ತಾರೆ. ನನ್ನ ಬಾಲ್ಯದ ಎಲ್ಲ ಸಂಜೆಗಳೂ ಅವರ ಪೇಟಿಯ ಎದುರೇ ಕಳೆದಿವೆ.

ಅಪ್ಪನ ಟ್ರಂಕಿನಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದವು. ಅತ್ತಿಗೆಗೆ ಫೋನ್ ಮಾಡಿ ಒಂದನ್ನು ತೆಗೆದಿಡಲು ಹೇಳಿದೆ. ಅಪ್ಪ ಸ್ನಾನಕ್ಕೆ ಹೋದಾಗ ಅತ್ತಿಗೆ ಕೈಗೆ ಸಿಕ್ಕ ಒಂದನ್ನು ತೆಗೆದು ಕಳಿಸಿದಳು. ಕ್ಯಾಸೆಟ್ ಹಾಕುವ ಯಂತ್ರ ಎಲ್ಲಿ ಹುಡುಕುವುದು ಎಂದು ನಾನು ಚಿಂತೆ ಮಾಡಬೇಕಾಗಲಿಲ್ಲ. ಗಣಿತದ ಮಾಸ್ತರ ಮನೆಯಲ್ಲಿ ಮೂರಿದ್ದವು. ಅವರು ಎರಡು ದಿನ ಕೂತು ಅದನ್ನು ಫೋನಿಗೆ ಇಳಿಸಿದರು. ಕೊಡುವಾಗ ಮಾತ್ರ ಯಾಕೋ ಹಿಂದೆ ಮುಂದೆ ನೋಡಿದರು.

"ಮೇಡಂ, ಏನೂ ತಿಳ್ಕೋಬ್ಯಾಡ್ರಿ. ಈ ಪೇಟಿಯೊಳಗ ಒಂದು ಸ್ವರ ಇಳದೈತ್ರಿ."

ನಾನು ನಕ್ಕೆ. ಅಪ್ಪನ ಪೇಟಿಯಲ್ಲಿ ಸ್ವರ ಇಳಿಯುವುದೆಂದರೆ ಸೂರ್ಯ ಪಶ್ಚಿಮಕ್ಕೆ, ಸಂಡೂರಿನ ಕಡೆ ಹುಟ್ಟಿದಂತೆ ಎಂದೆ. ಸಂಜೆ ಬಸ್ಸಿನಲ್ಲಿ ಕೇಳಿದೆ. ಮಾಸ್ತರು ಹೇಳಿದ್ದು ನಿಜವಿತ್ತು. ಮಂದ್ರದಲ್ಲಿ ಸರಿಯಾಗೇ ಇದ್ದ ಗಾಂಧಾರ, ಮೇಲೆ ಏರಿದಾಗ ಕೂದಲೆಳೆಯಷ್ಟು ಕೆಳಗೆ ಕೂರುತ್ತಿತ್ತು. ಹಾಡುವವರ ದನಿ ಅಲ್ಲಿಗೆ ಬಂದಾಗಲೆಲ್ಲ ಎರಡೂ ಒಂದಕ್ಕೊಂದು ಉಜ್ಜಿದಂತಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹಾಡುವವರ ದನಿಯೂ ಗುರುತು ಸಿಕ್ಕಿತು. ಅತ್ತಿಗೆಯ ಕೈಗೆ ಸಿಕ್ಕಿದ್ದು ಯಾವ ಕ್ಯಾಸೆಟ್ಟು ಎಂದು ಆಗ ಗೊತ್ತಾಯಿತು.

ಆ ಹಾಡುವವರು ಸಿರುಗುಪ್ಪದ ಭಾಗವತರು. ಹನ್ನೆರಡು ವರ್ಷ ಅಪ್ಪ ಮತ್ತು ಅವರು ಒಂದೇ ಮೇಳದಲ್ಲಿದ್ದರು. ಅವರು ಹಾಡಿದರೆ ಅಪ್ಪನದೇ ಪೇಟಿ ಆಗಬೇಕಿತ್ತು. ಇಪ್ಪತ್ತೆಂಟು ವರ್ಷದ ಹಿಂದೆ ಸಿರುಗುಪ್ಪದಲ್ಲೇ ಒಂದು ಆಟ. ಬೆಳಕು ಹರಿಯುವ ಹೊತ್ತಿಗೆ ರಾಣಿಯ ಪಾತ್ರಕ್ಕೆ ಒಂದು ದುಃಖದ ಪದ. ಭಾಗವತರು ಹಾಡುತ್ತ ಹಾಡುತ್ತ ನಿಲ್ಲಿಸಿ, ಪೇಟಿ ಸರಿ ಹಿಡಿ ಮಾಸ್ತರ ಎಂದರು. ಅಪ್ಪ, ಶ್ರುತಿ ಬಿಟ್ಟವನು ನೀನು ಎಂದರು. ಜನರ ಮುಂದೆಯೇ ಮಾತಿಗೆ ಮಾತು ಬೆಳೆಯಿತು. ಅಪ್ಪ ಪೇಟಿ ಮುಚ್ಚಿ ಎದ್ದು ಬಂದುಬಿಟ್ಟರು. ರಾಣಿ ಅಳು ಮುಗಿಸದೆ ಒಳಗೆ ಹೋದಳಂತೆ. ಅವತ್ತಿನಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಯಾರೋ ಆಟವನ್ನು ರೆಕಾರ್ಡ್ ಮಾಡಿದ್ದವರು ಒಂದು ಕ್ಯಾಸೆಟ್ ತಂದುಕೊಟ್ಟಾಗ ಅಪ್ಪ ಅದನ್ನು ಕೇಳಲೂ ಇಲ್ಲ. ತನಗೆ ಗೊತ್ತಿದ್ದದ್ದನ್ನು ಮತ್ತೇನು ಕೇಳುವುದು ಎಂದು ಟ್ರಂಕಿಗೆ ಹಾಕಿದರು.

ಇದನ್ನು ಅಪ್ಪನಿಗೆ ಹೇಳಬಾರದು ಎಂದು ನಾನು ಗಟ್ಟಿ ಮನಸ್ಸು ಮಾಡಿದೆ. ಆ ಭಾನುವಾರ ಕುರುಗೋಡಿಗೆ ಹೋದಾಗ ಬ್ಯಾಗಿನಲ್ಲಿ ಆರಿಸಿಕೊಳ್ಳಲೆಂದು ಗಣಿತದ ಮಾಸ್ತರು ಕೊಟ್ಟ ಮೂರು ಜೋಡಿ ಇಯರ್‌ಫೋನು, ಆಂಪ್, ನನ್ನ ಕೆಂಪು ಜೋಡಿ, ಎಲ್ಲ ಇದ್ದವು. ಅಪ್ಪ ಜಗಲಿಯ ಮೇಲೆ ಕೂತಿದ್ದರು. ಇದೆಲ್ಲ ಏನು ಎಂದು ಕೇಳಿದರು. ಕಿವಿಗೆ ಹಾಕಿಕೊಳ್ಳುವಂಥದ್ದು ಎಂದೆ. ಕಿವಿ ಮಂದವಾದವರಿಗೆ ಅದು, ನಿನಗೆ ಇಷ್ಟು ಬೇಗ ಯಾಕೆ ಬಂತು ಎಂದರು. ಅವರದೇ ಕಿವಿ ಐದಾರು ವರ್ಷದಿಂದ ಮಂದವಾಗಿದೆ. ಆದರೆ ಅವರ ಪ್ರಕಾರ ಈಗಿನ ಜನ ಬಾಯೊಳಗೇ ಮಾತಾಡುವುದು ಕಲಿತಿದ್ದಾರೆ ಅಷ್ಟೇ.

ಅಷ್ಟರಲ್ಲಿ ಅತ್ತಿಗೆ ಚಹಾ ತಂದು, ಕ್ಯಾಸೆಟ್ಟು ಚೆನ್ನಾಗಿ ಬಂತಾ ಎಂದು ನನ್ನನ್ನು ಕೇಳಿಬಿಟ್ಟಳು. ಅದು ಮಾತ್ರ ಅಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು.

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಅಪ್ಪನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಆಂಪಿನ ಗುಂಡಿ ತಿರುಗಿಸುತ್ತ ಹೋದೆ. ಒಂದು ಹಂತಕ್ಕೆ ಬಂದಾಗ ಅಪ್ಪನ ಮುಖ ಥಟ್ಟನೆ ಬದಲಾಯಿತು. ಬಾಯಿ ಅರ್ಧ ತೆರೆದುಕೊಂಡಿತು. ತಾಳದ ಸದ್ದು ಕೇಳಿ ಎಷ್ಟು ವರ್ಷವಾಗಿತ್ತೋ ಏನೋ, ಪಕ್ಕಕ್ಕೆ ತಿರುಗಿ ಯಾರು ಬಾರಿಸುತ್ತಿದ್ದಾರೆಂದು ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ಬಲಗೈ ಬೆರಳುಗಳು ತೊಡೆಯ ಮೇಲೆ ಆಡತೊಡಗಿದವು. ನಾನೂ ಅತ್ತಿಗೆಯೂ ನೋಡುತ್ತ ಕೂತೆವು. ಪದ ಏರಿತು, ಬೆರಳು ಏರಿದವು, ಮತ್ತು ನಡುವಿನ ಬೆರಳು ತೊಡೆಯ ಮೇಲೆ ಹಾಗೇ ನಿಂತುಬಿಟ್ಟಿತು.

"ಇನ್ನೊಮ್ಮೆ ಹಚ್ಚು."

ಹಚ್ಚಿದೆ. ಬೆರಳು ಅಲ್ಲೇ ನಿಂತಿತು.

"ಇದು ಯಂತ್ರದ ದೋಷ ಐತಿ. ಬ್ಯಾರೆದು ಕೊಡು."

ಎರಡನೆಯ ಜೋಡಿ ಕೊಟ್ಟೆ. ಅದು ಮೊದಲಿನದಕ್ಕಿಂತ ಒಳ್ಳೆಯದು. ಹಾಗಾಗಿ ಗಾಂಧಾರ ಮೊದಲಿಗಿಂತ ಸ್ಪಷ್ಟವಾಗಿ ಇಳಿದದ್ದು ಕೇಳಿಸಿತು. ಅದೂ ಸರಿಯಿಲ್ಲ ಎಂದರು. ಮೂರನೆಯದು ಗಣಿತದ ಮಾಸ್ತರು ತಮ್ಮ ಹೆಂಡತಿಗೂ ಮುಟ್ಟಲು ಕೊಡದಂಥದ್ದು. ಅದನ್ನು ಹಾಕಿದ ಮೇಲೆ ಅಪ್ಪ ಹತ್ತು ಎಣಿಸುವುದರೊಳಗೆ ಕಿತ್ತು ತೆಗೆದರು. ಇಷ್ಟು ಕೆಟ್ಟ ಸಾಮಾನು ಯಾರು ಮಾಡುತ್ತಾರೆ ಎಂದು ಕೇಳಿದರು. ಕೊನೆಗೆ ಬ್ಯಾಗಿನ ಮೂಲೆಯಲ್ಲಿದ್ದ ಬಸ್‌ಸ್ಟ್ಯಾಂಡಿನ ಕೆಂಪು ಜೋಡಿಯನ್ನು ತಾವೇ ತೆಗೆದುಕೊಂಡು ಸಿಕ್ಕಿಸಿಕೊಂಡರು. ಅದರಲ್ಲಿ ಮದ್ದಳೆಯ ಗುಂಯ್ ಎನ್ನುವ ಸದ್ದು ಬಿಟ್ಟರೆ ಪೇಟಿಯೂ ಇಲ್ಲ, ಭಾಗವತರೂ ಇಲ್ಲ. ಅಪ್ಪ ಪದ ನಿಂತುಹೋಗುವ ತನಕ ಕೇಳಿದರು.

"ಇದು ಛಲೋ ಐತಿ ನೋಡು. ತಗೊಳ್ಳೋದಾದ್ರ ಇದನ್ನ ತಗೊ."

ಅತ್ತಿಗೆ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು. ನಾನು ಹೇಗೋ ನಗು ತಡೆದುಕೊಂಡು, ಹೌದಪ್ಪ, ಛಲೋ ಐತಿ ಎಂದೆ. ಅಪ್ಪ ನಗಲಿಲ್ಲ. ಕೆಂಪು ಇಯರ್‌ಫೋನನ್ನು ತೆಗೆದು, ವೈರನ್ನು ಅಚ್ಚುಕಟ್ಟಾಗಿ ಸುತ್ತಿ ನನ್ನ ಕೈಗಿಟ್ಟರು. ಬಹಳ ಹೊತ್ತು ಬೀದಿ ನೋಡುತ್ತ ಕೂತರು. ಭತ್ತದ ಟ್ರ್ಯಾಕ್ಟರು ಒಂದು ಹೋಯಿತು, ಬಳ್ಳಾರಿ ಬಸ್ಸು ಒಂದು ಹೋಯಿತು.

"ಆ ಆಟದ ಮುಂದಿನ ತಿಂಗಳ ಪೇಟಿ ರಿಪೇರಿಗೆ ಒಯ್ದಿದ್ದೆ" ಎಂದರು. "ಒಂದು ಸ್ವರದ ರೀಡು ಕುಂತೈತಿ ಅಂದಿದ್ದ ಆತ. ಆಟದಿಂದ ವಾಪಸ್ ಬಸ್ಸಿನ ಮ್ಯಾಲ ಹಾಕಿ ತಂದಾಗ ಕುಂತಿರಬೇಕು ಅಂದ್ಕೊಂಡೆ." ಆಮೇಲೆ, "ಅಂದ್ಕೊಂಡೆ ಅಷ್ಟ" ಎಂದರು.

ನನಗೆ ನಗು ಹೋಯಿತು. ಇಪ್ಪತ್ತೆಂಟು ವರ್ಷ ಅವರು ಆ ಮಾತನ್ನು ಟ್ರಂಕಿನಷ್ಟೇ ಭದ್ರವಾಗಿ ಮುಚ್ಚಿ ಇಟ್ಟಿದ್ದರು. ನಾನು ಬರೀ ಬಸ್ಸಿಗೆಂದು ಒಂದು ಇಯರ್‌ಫೋನ್ ಹುಡುಕಲು ಹೋಗಿ ಅದನ್ನು ಎಳೆದು ಹೊರಗೆ ಹಾಕಿದ್ದೆ. ಬಿಡಪ್ಪ, ಹಳೇ ಮಾತು ಎಂದೆ.

ಎರಡು ವಾರ ಕಳೆದವು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊರಗೆ ಬಂದರೆ ಗೇಟಿನ ಹತ್ತಿರ ಅಪ್ಪ ನಿಂತಿದ್ದಾರೆ. ಇಸ್ತ್ರಿ ಮಾಡಿದ ಧೋತರ, ಹೆಗಲ ಮೇಲೆ ವಲ್ಲಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದಿದ್ದರು. ಭಾಗವತರ ಮನೆ ನನಗೆ ಗೊತ್ತಿರಲಿಲ್ಲ. ಗಣಿತದ ಮಾಸ್ತರಿಗೆ ಗೊತ್ತಿತ್ತು, ಅವರು ಊಟದ ಡಬ್ಬಿಯ ಸಮೇತ ಮುಂದೆ ನಡೆದರು. ದಾರಿಯುದ್ದಕ್ಕೂ ಅಪ್ಪ ತುಟಿ ಅಲ್ಲಾಡಿಸುತ್ತಿದ್ದರು. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಪಾಠ ಮಾಡುತ್ತಿದ್ದರು. "ನೀವು" ಎಂದೇ ಶುರುಮಾಡುವುದೆಂದು ನಿರ್ಧಾರ ಮಾಡಿದ್ದರಂತೆ.

ಭಾಗವತರು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನನಗೆ ನೆನಪಿದ್ದದ್ದು ಎತ್ತರದ, ತುಂಬು ಕೂದಲಿನ ಮನುಷ್ಯ. ಈಗ ಸಣ್ಣಗಾಗಿದ್ದರು. ತಲೆಯೆತ್ತಿ ಅಪ್ಪನನ್ನು ನೋಡಿದರು, ಶೇಂಗಾ ಕೆಳಗಿಟ್ಟರು.

"ಏನಲೇ ಮಾಸ್ತರ" ಎಂದರು, ನಿನ್ನೆ ತಾನೇ ಬಿಟ್ಟುಹೋದವರನ್ನು ಮಾತಾಡಿಸುವ ಹಾಗೆ.

ಅಪ್ಪನ "ನೀವು" ಅಲ್ಲೇ ಬಿದ್ದುಹೋಯಿತು. ಆದರೂ ಧೈರ್ಯ ಮಾಡಿ, ಮೆಲ್ಲಗೆ, ಅವತ್ತು ಶ್ರುತಿ ಬಿಟ್ಟದ್ದು ನಿನ್ನ ದನಿಯಲ್ಲ, ನನ್ನ ಪೇಟಿ ಎಂದರು. ಭಾಗವತರು ಕಿವಿಗೆ ಕೈ ಹಚ್ಚಿದರು. ಇಪ್ಪತ್ತು ವರ್ಷ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದು ಅವರ ಕಿವಿ ಅಪ್ಪನದಕ್ಕಿಂತ ಹೆಚ್ಚು ಕೆಟ್ಟಿತ್ತು. ಅಪ್ಪ ಸ್ವಲ್ಪ ಜೋರಾಗಿ ಹೇಳಿದರು.

"ರೊಟ್ಟೀನಾ?" ಎಂದರು ಭಾಗವತರು. "ಉಂಡೇ ಹೋಗುವಿಯಂತ, ಕುಂದ್ರು."

ಅಪ್ಪ ಉಸಿರು ಎಳೆದುಕೊಂಡು, ಬೀದಿಯ ಆ ತುದಿಯವರೂ ಕೇಳುವಂತೆ, "ಪೇಟಿ! ನನ್ನ ಪೇಟಿ ತಪ್ಪಿತ್ತು!" ಎಂದು ಕೂಗಿದರು. ಎದುರು ಮನೆಯ ಬಾಗಿಲು ತೆರೆಯಿತು. ಪಕ್ಕದ ಮನೆಯ ಹೆಂಗಸು ಪೊರಕೆ ಹಿಡಿದುಕೊಂಡೇ ಬಂದು, ಪೇಟಿ ಕಳುವಾಗಿದೆಯಾ ಎಂದು ನನ್ನನ್ನು ಕೇಳಿದಳು. ಭಾಗವತರ ಹೆಂಡತಿ ಒಳಗಿನಿಂದ ಬಂದು, ಗಂಡನ ಕಿವಿಯ ಹತ್ತಿರ ಬಾಗಿ, ಅಪ್ಪ ಹೇಳಿದ್ದನ್ನು ಒಂದೊಂದೇ ಮಾತಾಗಿ ಮುಟ್ಟಿಸಿದರು. ಅಪ್ಪನ ಗುಟ್ಟು ಹೀಗೆ ಎರಡೆರಡು ಸಲ ಬೀದಿಗೆಲ್ಲ ಕೇಳಿಸಿತು. ಅವರು ಬೆವರುತ್ತ ಬಾಳೆಹಣ್ಣಿನ ಚೀಲ ಹಿಡಿದು ನಿಂತಿದ್ದರು.

ಭಾಗವತರು ಒಪ್ಪಲಿಲ್ಲ. ಯಾರು ಹೇಳಿದ್ದು ಎಂದರು. ಆಗ ಗಣಿತದ ಮಾಸ್ತರು ಡಬ್ಬಿ ತೆರೆದರು. ತಮ್ಮ ಅತ್ಯುತ್ತಮ ಜೋಡಿಯನ್ನು, ಹೆಂಡತಿಗೂ ಮುಟ್ಟಲು ಕೊಡದ ಜೋಡಿಯನ್ನು, ಭಾಗವತರ ಕಿವಿಗೆ ತಾವೇ ಸಿಕ್ಕಿಸಿ ಆಂಪನ್ನು ಪೂರ್ತಿ ಏರಿಸಿದರು.

ತಮ್ಮ ನಲವತ್ತನೇ ವಯಸ್ಸಿನ ದನಿಯನ್ನು ಭಾಗವತರು ಮೊದಲಿಗೆ ಗುರುತಿಸಲಿಲ್ಲ. ಯಾರು ಇವನು, ಛಲೋ ಹಾಡುತ್ತಾನೆ ಎಂದರು. ಹೆಂಡತಿ ಅವರದೇ ಎದೆಯ ಮೇಲೆ ಬೆರಳಿಟ್ಟು ತೋರಿಸಿದರು. ಭಾಗವತರು ಪದ ನಿಂತುಹೋಗುವ ತನಕ ಅಲ್ಲಾಡದೆ ಕೂತರು, ಕಣ್ಣೊರೆಸಿಕೊಂಡರು. ಆಮೇಲೆ ಇಯರ್‌ಫೋನ್ ತೆಗೆದು ಅಪ್ಪನ ಕಡೆ ತಿರುಗಿದರು.

"ಪೇಟಿ ಸರಿ ಐತಲ್ಲಲೇ. ನಾನ ಮ್ಯಾಲ ಹೋಗೀನಿ."

ಅವರ ಕಿವಿಗೆ ಆ ಎತ್ತರದ ಗಾಂಧಾರ ಕೇಳಿಸಿಯೇ ಇರಲಿಲ್ಲ. ಆಂಪು ಎಷ್ಟು ಬಲ ಕೊಟ್ಟರೂ ಗಿರಣಿ ತಿಂದದ್ದನ್ನು ತಿರುಗಿ ಕೊಡುವುದಿಲ್ಲ. ಅಪ್ಪ ಇಲ್ಲ, ಪೇಟಿಯದೇ ತಪ್ಪು ಎಂದರು. ಅವರು ಇಲ್ಲ, ದನಿಯದೇ ತಪ್ಪು ಎಂದರು. ಪದವನ್ನು ಮತ್ತೆ ಹಚ್ಚಿಸಿದರು, ಆ ಜಾಗದಲ್ಲಿ ಅಪ್ಪ ಬೆರಳೆತ್ತಿ ಇಲ್ಲಿ ಎಂದರೆ, ಭಾಗವತರು ಅದೇ ಜಾಗದಲ್ಲಿ ತಮ್ಮ ಗಂಟಲು ಮುಟ್ಟಿಕೊಂಡು ಇಲ್ಲಿ ಎಂದರು. ಇಬ್ಬರ ದನಿಯೂ ಏರಿತು. ಇನ್ನೊಂದು ಇಪ್ಪತ್ತೆಂಟು ವರ್ಷಕ್ಕೆ ಜಗಳ ಕಟ್ಟಿಟ್ಟ ಹಾಗೆಯೇ ಎಂದು ನನಗೆ ಭಯವಾಯಿತು. ಅಷ್ಟರಲ್ಲಿ ಭಾಗವತರ ಹೆಂಡತಿ ತಾಟು ಹಾಕಿ ಬಂದು, ತಪ್ಪು ಯಾರದಾದರೂ ಆಗಲಿ ಪಲ್ಯ ಆರುತ್ತದೆ ಎಂದರು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಅಪ್ಪ ನಾಲ್ಕು ರೊಟ್ಟಿ ತಿಂದರು. ಮನೆಯಲ್ಲಿ ಎರಡಕ್ಕಿಂತ ಹೆಚ್ಚು ತಿಂದದ್ದನ್ನು ನಾನು ನೋಡಿಲ್ಲ.

ಗಣಿತದ ಮಾಸ್ತರು ಆ ಜೋಡಿಯನ್ನೂ ಆಂಪನ್ನೂ ಭಾಗವತರ ಮನೆಯಲ್ಲೇ ಬಿಟ್ಟು ಬಂದರು. ಕೇಳಿದ್ದಕ್ಕೆ, ತಮ್ಮ ಹತ್ತಿರ ಇನ್ನೂ ಐದು ಇವೆ ಎಂದರು. ಎರಡು ದಿನ ಮಾತ್ರ ಯಾರ ಜೊತೆಯೂ ಮಾತಾಡಲಿಲ್ಲ. ಅವರು ಯಾವಾಗಲೂ ಹಾಗೇ ಇದ್ದುದರಿಂದ ಸ್ಟಾಫ್‌ರೂಮಿನಲ್ಲಿ ಉಳಿದವರಿಗೆ ಗೊತ್ತಾಗಲಿಲ್ಲ.

ನನಗೊಂದು ಜೋಡಿ ಬೇಕಿತ್ತಲ್ಲ, ಅದನ್ನೂ ಕೊನೆಗೆ ಕೊಂಡೆ. ಡಬ್ಬಿಯಲ್ಲಿದ್ದವುಗಳ ಪೈಕಿ ನಡುವಿನ ದರ್ಜೆಯದು. ಅದರಲ್ಲಿ ಮದ್ದಳೆ ಹಿಂದೆ ಕೂರುತ್ತದೆ, ಮನುಷ್ಯರ ದನಿ ಮುಂದೆ ಬರುತ್ತದೆ, ಪೇಟಿಯ ಗಾಳಿ ಒಳಗೆ ಹೋಗುವುದೂ ಕೇಳಿಸುತ್ತದೆ. ಬೆರಳಿನಷ್ಟು ಸಣ್ಣ ಆಂಪ್ ಒಂದನ್ನು ಮಾಸ್ತರೇ ಹುಡುಕಿ ಕೊಟ್ಟರು. ಅದು ಚೀಲದೊಳಗೇ ಇರುತ್ತದೆ, ನೋಡಿದವರು ಮರುಗುವುದಿಲ್ಲ. ಇದಕ್ಕಿಂತ ಒಳ್ಳೆಯದು ಬಂದಿದೆ ಎಂದು ಅವರು ತಿಂಗಳಿಗೊಮ್ಮೆ ಹೇಳುತ್ತಾರೆ. ನಾನು ಕೇಳಿಸಿಕೊಳ್ಳುವುದಿಲ್ಲ.

ಹೋದ ತಿಂಗಳು ಅಪ್ಪ ಪೇಟಿಯನ್ನು ಆಟೋದಲ್ಲಿ ಹೇರಿಸಿಕೊಂಡು ಸಿರುಗುಪ್ಪಕ್ಕೆ ಹೋದರು. ಬಸ್ಸಿನ ಮೇಲೆ ಹಾಕಲು ಒಪ್ಪಲಿಲ್ಲ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನೂ ಗಣಿತದ ಮಾಸ್ತರೂ ಹೋದೆವು. ಭಾಗವತರ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಮಾಸ್ತರು ಫೋನನ್ನು ಪುಸ್ತಕಗಳ ಮೇಲೆ ನಿಲ್ಲಿಸಿ ರೆಕಾರ್ಡಿಗೆ ಇಟ್ಟರು, ನಾನು ಅದಕ್ಕೆ ವೈರ್ ಹಚ್ಚಿ ಕೇಳುತ್ತ ಕೂತೆ. ಭಾಗವತರು ಒಂದು ಕೈಯನ್ನು ಪೇಟಿಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡರು. ಶ್ರುತಿ ಕಿವಿಯಿಂದ ಸಿಗದಿದ್ದರೆ ಅಂಗೈಯಿಂದ ಸಿಗುತ್ತದೆ ಎಂದರು.

ರಾಣಿಯ ಅದೇ ಪದ. ಮೊದಲ ಸಲ ಮೇಲಕ್ಕೆ ಹೋಗುವಾಗ ದನಿ ಅರ್ಧಕ್ಕೇ ಒಡೆಯಿತು. ಕೆಮ್ಮಿ, ನೀರು ಕುಡಿದರು. ಅವರು ನೀರು ಕುಡಿಯಲು ಆ ಕಡೆ ತಿರುಗಿದಾಗ ಅಪ್ಪ ಕೂತಲ್ಲೇ ಕೈಯನ್ನು ಎರಡು ಕೀ ಎಡಕ್ಕೆ ಸರಿಸಿ ಶ್ರುತಿ ಇಳಿಸಿಬಿಟ್ಟರು. ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಭಾಗವತರು ತಿರುಗಿ, ಅಂಗೈಯನ್ನು ಪೇಟಿಯ ಮೇಲೆ ಇಟ್ಟು ಮತ್ತೆ ಹಾಡಿದರು. ಈ ಸಲ ದನಿ ಏರಿತು, ಗಾಂಧಾರದ ಮೇಲೆ ನಿಂತಿತು, ನಡುಗಿದರೂ ನಿಂತಿತು. ಪದ ಮುಗಿಸಿ ಅವರು ಎಲ್ಲರ ಮುಖ ನೋಡಿದರು.

"ಇವತ್ತು ಛಲೋ ಏರಿತಲೇ ಮಾಸ್ತರ" ಎಂದರು.

"ಹೂಂ" ಎಂದರು ಅಪ್ಪ, ಪೇಟಿಯ ಮೇಲಿನ ಧೂಳನ್ನು ವಲ್ಲಿಯಿಂದ ಒರೆಸುತ್ತ. "ಏರಿತು."